ಇಪ್ಪತ್ತಾರು, ಇಪ್ಪತ್ತೇಳು... ಏಯ್, ಅಲ್ಲಾಡಬೇಡ!

ತಾರಾಲಯದ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ಮಕ್ಕಳ ತಲೆ ಎಣಿಸುವವರಿಗೆ ಬೇರೆಯೇ ಒಂದು ಗ್ರಹ ಮಂಜೂರು ಮಾಡಬೇಕು. ಸೂರ್ಯನಿಗೆ ತೀರಾ ಹತ್ತಿರದ್ದಾದರೆ ಇನ್ನೂ ಒಳ್ಳೆಯದು. ಬೆಳಕಿಗೆ ಬರವಿಲ್ಲ, ಬೇಕಾದಷ್ಟು ಎಣಿಸಿಕೊಳ್ಳಬಹುದು. ಬೇಸಿಗೆ ರಜೆ ಶುರುವಾಯಿತೆಂದರೆ ಸಾಕು, ಸೈನ್ಸ್ ಮ್ಯೂಸಿಯಂ ಮುಂದೆ ಶಿಬಿರಗಳ ಬಸ್ಸುಗಳು ಸಾಲುಗಟ್ಟುತ್ತವೆ. ಒಂದೊಂದು ಬಸ್ಸಿನಿಂದ 48 ಮಕ್ಕಳು ದಬದಬನೆ ಇಳಿಯುತ್ತಾರೆ, ಅವರ ಹಿಂದೆಯೇ ತೋರುಬೆರಳನ್ನು ಮುಂದಕ್ಕೆ ಚಾಚಿಕೊಂಡು ಎಣಿಕೆ ಸರ್ ಇಳಿಯುತ್ತಾರೆ. ಎಣಿಕೆ ಮೇಡಂ ಆಗಿರುವುದೂ ಉಂಟು. ಬೆರಳು ಮಾತ್ರ ಅದೇ.

ಎಣಿಸುವುದೇ ತಪ್ಪು ಎಂದು ಯಾರೂ ಹೇಳುತ್ತಿಲ್ಲ. ಪರರ ಮಕ್ಕಳು, ಸಂಜೆ ಲೆಕ್ಕ ಒಪ್ಪಿಸಬೇಕು. ತಕರಾರಿರುವುದು ಎಣಿಸುವ ಕ್ರಮದ ಬಗ್ಗೆ. 48 ಮಕ್ಕಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಲೆ ಕುಟ್ಟುತ್ತಾ ಹೋದರೆ ಲೆಕ್ಕ ಎಂದಾದರೂ ಸಿಕ್ಕೀತೇ? ಏಳನೆಯವನು ಎಣಿಸಿಕೊಂಡ ತಕ್ಷಣ ತನ್ನ ಕೆಲಸ ಮುಗಿಯಿತೆಂದು ಗೆಳೆಯನ ಪಕ್ಕಕ್ಕೆ ಓಡುತ್ತಾನೆ, ಅಲ್ಲಿ ಮೂವತ್ತೊಂದನೆಯವನಾಗಿ ಇನ್ನೊಮ್ಮೆ ಹುಟ್ಟುತ್ತಾನೆ. ಹದಿನೈದನೆಯವಳು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿ ಲೆಕ್ಕದಿಂದಲೇ ಮಾಯವಾಗುತ್ತಾಳೆ. ಇಪ್ಪತ್ತೇಳಕ್ಕೆ ಬರುವ ಹೊತ್ತಿಗೆ ಸರಿಯಾಗಿ "ಸರ್, ಇವ್ನು ನನ್ನ ಟೋಪಿ ಕಿತ್ಕೊಂಡ" ಎಂಬ ಫಿರ್ಯಾದು ಬರುತ್ತದೆ. ಟೋಪಿಯ ನ್ಯಾಯ ತೀರಿಸಿ ಸರ್ ಮತ್ತೆ ಒಂದರಿಂದ ಶುರು.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಬಸ್ಸು ಹತ್ತುವ ಮೊದಲೇ 48 ಮಕ್ಕಳನ್ನು ಎಂಟೆಂಟರಂತೆ ಆರು ತಂಡ ಮಾಡಿ, ತಂಡಕ್ಕೊಬ್ಬ ದೊಡ್ಡವರನ್ನು ಜೊತೆ ಮಾಡಿ. ಪ್ರತಿ ಮಗುವಿಗೂ ತಂಡದ ಬಣ್ಣದ ಪಟ್ಟಿ, ಅದರ ಮೇಲೆ ಒಂದರಿಂದ ಎಂಟರವರೆಗಿನ ಒಂದು ಸಂಖ್ಯೆ. ಎಣಿಸುವ ಕೆಲಸ ಮಕ್ಕಳದೇ: ದೊಡ್ಡವರು "ಲೆಕ್ಕ" ಎಂದರೆ "ಒಂದು", "ಎರಡು", "ಮೂರು" ಎಂದು ಅವೇ ಕೂಗಿಕೊಳ್ಳುತ್ತವೆ. ಐದು ಕೇಳಿಸದಿದ್ದರೆ ಕಾಣೆಯಾದದ್ದು ಐದನೆಯದು, ಹುಡುಕಬೇಕಾದದ್ದು ಯಾರನ್ನು ಎಂಬುದೂ ಅಲ್ಲೇ ಗೊತ್ತಾಯಿತು. ತಲೆ ಕುಟ್ಟುವ ಪದ್ಧತಿಯಲ್ಲಿ ತಿಳಿಯುವುದು ಒಂದು ಕಡಿಮೆ ಇದೆ ಎಂದಷ್ಟೇ. ಆ ಒಂದು ಯಾವುದು ಎಂದು ತಿಳಿಯಲು ಹಾಜರಿ ಪುಸ್ತಕ ಬೇಕು, ಅದು ಬಸ್ಸಿನಲ್ಲಿರುತ್ತದೆ, ಬಸ್ಸು ನೆರಳು ಹುಡುಕಿಕೊಂಡು ಹೋಗಿರುತ್ತದೆ. ಪಟ್ಟಿಯ ಮೇಲೆ ಮಗುವಿನ ಹೆಸರು ಬೇಡ, ಉಸ್ತುವಾರಿಯವರ ಫೋನ್ ನಂಬರ್ ಸಾಕು. ಹೆಸರು ಹಿಡಿದು ಕರೆಯುವ ಅಪರಿಚಿತರ ಹಿಂದೆ ಮಕ್ಕಳು ಸಲೀಸಾಗಿ ಹೋಗಿಬಿಡುತ್ತವೆ.

ಮುಂದಿನದು ಶೌಚಾಲಯದ ಗಣಿತ. 48 ಮಕ್ಕಳು, ನಾಲ್ಕು ಬಾಗಿಲು, ತಲೆಗೆ ಒಂದೂವರೆ ನಿಮಿಷ ಎಂದರೂ 18 ನಿಮಿಷ. ಇದು ಕೈ ಒಣಗಿಸುವ ಯಂತ್ರವನ್ನು ಲೆಕ್ಕಕ್ಕೆ ಹಿಡಿಯದೆ. ಮಕ್ಕಳ ಮಟ್ಟಿಗೆ ಇಡೀ ಮ್ಯೂಸಿಯಂನ ಅತ್ಯುತ್ತಮ ಪ್ರದರ್ಶನ ಅದೇ. ಕೈ ಒಡ್ಡಿದರೆ ಗಾಳಿ, ತೆಗೆದರೆ ಮೌನ. ಬೋರ್ಡು ಓದಬೇಕಾಗಿಲ್ಲ, ಯಾರೂ ಪಾಠ ಮಾಡುವುದಿಲ್ಲ. ಕೈ ಒಣಗಿದ ಮೇಲೆ ಮತ್ತೆ ಒದ್ದೆ ಮಾಡಿಕೊಂಡು ಬಂದು ನಿಲ್ಲುವ ಮಕ್ಕಳಿರುತ್ತವೆ. ಹೀಗಾಗಿ ಪ್ರದರ್ಶನಕ್ಕೆ ಐದು ನಿಮಿಷ ಮೊದಲು ಬಂದು "ಎಲ್ಲರೂ ಒಂದ್ಸಲ ಹೋಗಿ ಬನ್ನಿ" ಎಂದರೆ ಆಗುವ ಕೆಲಸವಲ್ಲ. ಅರ್ಧ ಗಂಟೆ ಮೊದಲೇ ಬಂದರೆ ಆಗುತ್ತದೆ.

ಇನ್ನು ಗ್ಯಾಲರಿ. ಒಂದು ಗಂಟೆಯಲ್ಲಿ ಅರವತ್ತು ಪ್ರದರ್ಶನಗಳನ್ನೂ "ಮುಗಿಸಬೇಕು" ಎಂಬುದು ಎಣಿಕೆ ಸರ್ ಹಟ. ಅವರಿಗೆ ಪ್ರದರ್ಶನಗಳೂ ತಲೆಗಳೇ. ಲೋಲಕದ ಮುಂದೆ ಗುಂಪು ನಿಲ್ಲುವುದು ಹೆಚ್ಚೆಂದರೆ ನಲವತ್ತು ಸೆಕೆಂಡು. 1851ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ಪ್ಯಾರಿಸ್‌ನ ಪ್ಯಾಂಥಿಯಾನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕಿಲೋ ಗುಂಡು ತೂಗುಹಾಕಿ ಭೂಮಿ ತಿರುಗುವುದನ್ನು ಜನರ ಕಣ್ಣಿಗೆ ತೋರಿಸಿದ. ಅಲ್ಲಿ ಅದರ ತೂಗಾಟದ ದಿಕ್ಕು ಗಂಟೆಗೆ ಸುಮಾರು 11 ಡಿಗ್ರಿ ಸರಿಯುತ್ತದೆ. ಸಮಭಾಜಕ ವೃತ್ತದತ್ತ ಹೋದಂತೆ ಇನ್ನೂ ನಿಧಾನ, ವೃತ್ತದ ಮೇಲೆಯೇ ನಿಂತರೆ ಸರಿಯುವುದೇ ಇಲ್ಲ. ನಲವತ್ತು ಸೆಕೆಂಡಿನಲ್ಲಿ ಪ್ಯಾರಿಸ್ಸಿನಲ್ಲೂ ಆಗುವ ಬದಲಾವಣೆ ಒಂದು ಡಿಗ್ರಿಯ ಎಂಟನೇ ಒಂದು ಪಾಲು. "ಏನೂ ಆಗ್ತಿಲ್ವಲ್ಲ ಸರ್" ಎನ್ನುವ ಹುಡುಗನದು ಪ್ರಾಮಾಣಿಕ ವೀಕ್ಷಣೆ. ಅದಕ್ಕೆ ಸಿಗುವ ಉತ್ತರ, "ಆಗತ್ತೆ, ನಡಿ ಮುಂದೆ." ಇದನ್ನು ನೋಡುವ ಸರಿಯಾದ ದಾರಿ ಎಂದರೆ ಒಳಗೆ ಬರುವಾಗ ಗುಂಡು ಯಾವ ಗುರುತಿನ ಮೇಲೆ ಹಾಯುತ್ತಿದೆ ಎಂದು ಬರೆದಿಟ್ಟುಕೊಂಡು, ಹೊರಗೆ ಹೋಗುವಾಗ ಮತ್ತೆ ನೋಡುವುದು. ಎರಡು ನಿಮಿಷದ ಕೆಲಸ, ಆದರೆ ಎರಡು ಕಂತಿನಲ್ಲಿ.

ನಿಂತು ನೋಡುವುದರಿಂದಲೇ ಆಯಾಸವಾಗುತ್ತದೆ ಎಂಬುದನ್ನು 1916ರಷ್ಟು ಹಿಂದೆಯೇ ಬೆಂಜಮಿನ್ ಐವ್ಸ್ ಗಿಲ್ಮನ್ ಎಂಬಾತ ಫೋಟೋ ಸಮೇತ ತೋರಿಸಿಕೊಟ್ಟಿದ್ದ. ಬೋರ್ಡು ಓದಲು ಒಬ್ಬ ಮನುಷ್ಯ ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಕತ್ತು ಚಾಚಿ ಪಡುವ ಪಾಡೆಲ್ಲ ಆ ಚಿತ್ರಗಳಲ್ಲಿದೆ. ದೊಡ್ಡವರ ಕಣ್ಣಿನ ಎತ್ತರಕ್ಕೆ ಹಾಕಿದ ಬೋರ್ಡನ್ನು ಎಂಟು ವರ್ಷದ ಮಗು ತುದಿಗಾಲಲ್ಲಿ ನಿಂತು ಓದುತ್ತದೆ. ಓದಿದ್ದನ್ನು ನೋಟ್‌ಬುಕ್ಕಿಗೆ ಇಳಿಸಲು ಬೇರೆ ಹೇಳಿರುತ್ತಾರೆ. ಎದುರಿಗೆ ತಿರುಗಿಸುವ ಹಿಡಿಕೆ ಇರುತ್ತದೆ, ಒತ್ತುವ ಗುಂಡಿ ಇರುತ್ತದೆ, ಮಗು ಮಾತ್ರ "ತತ್ತ್ವ: ಕೋನೀಯ ಸಂವೇಗದ ಸಂರಕ್ಷಣೆ" ಎಂದು ಕಾಪಿ ಮಾಡುತ್ತಿರುತ್ತದೆ. ಮುಟ್ಟಿ ನೋಡಲೆಂದೇ ಮ್ಯೂಸಿಯಂ ಕಟ್ಟಬೇಕೆಂದು ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೋರೇಟೋರಿಯಂ ತೆರೆದ. ಈ ನೋಟ್‌ಬುಕ್ಕುಗಳನ್ನು ನೋಡಿದ್ದರೆ ಬಾಗಿಲಲ್ಲೇ ಪೆನ್ಸಿಲ್ ಕಿತ್ತಿಟ್ಟುಕೊಳ್ಳುತ್ತಿದ್ದನೇನೋ. ಅರವತ್ತರಲ್ಲಿ ಎಂಟು ಪ್ರದರ್ಶನ ಆರಿಸಿ, ಒಂದಕ್ಕೆ ಏಳು ನಿಮಿಷ ಕೊಟ್ಟರೆ ಗಂಟೆ ಹೇಗೂ ಮುಗಿಯುತ್ತದೆ. ಉಳಿದ ಐವತ್ತೆರಡು ಎಲ್ಲಿಗೂ ಓಡಿಹೋಗುವುದಿಲ್ಲ.

ಎಣಿಕೆ ಸರ್ ಅವರ ನಿಜವಾದ ಪರೀಕ್ಷೆ ಇರುವುದು ಕನ್ನಡಿ ವಿಭಾಗದಲ್ಲಿ. ಎರಡು ಕನ್ನಡಿಗಳನ್ನು 60 ಡಿಗ್ರಿ ಕೋನದಲ್ಲಿ ನಿಲ್ಲಿಸಿದರೆ ನಡುವೆ ನಿಂತ ಮಗುವಿಗೆ ಐದು ಪ್ರತಿಬಿಂಬ, ತಾನೂ ಸೇರಿ ಆರು ಜನ. ಪಕ್ಕದಲ್ಲಿ ಮೂರು ಕನ್ನಡಿಗಳ ತ್ರಿಕೋನ ಕೋಣೆ. ಅದರೊಳಗೆ ತಲೆ ಹಾಕಿದರೆ ಕಣ್ಣು ಹಾಯುವಷ್ಟು ದೂರ ಜಾತ್ರೆ. ಇಂಥ ಜಾಗವನ್ನೇ ಆರಿಸಿಕೊಂಡು ಸರ್ ಎಣಿಸಲು ನಿಲ್ಲುತ್ತಾರೆ! ಯಾಕೆಂದರೆ ಮಕ್ಕಳು ಒಂದೇ ಕಡೆ ಗುಂಪಾಗಿ ನಿಲ್ಲುವುದು ಅಲ್ಲಿ ಮಾತ್ರ. ಬೆರಳು ಏಳುತ್ತದೆ, ಅದರ ಜೊತೆಗೆ ಇನ್ನೂರು ಬೆರಳುಗಳು ಏಳುತ್ತವೆ. ಬಲಗಡೆಯಿಂದ ಎಣಿಸಿದರೆ ಅರವತ್ತೊಂದು, ಎಡಗಡೆಯಿಂದ ಎಪ್ಪತ್ತನಾಲ್ಕು. ಸರ್ ಕನ್ನಡಕ ಒರೆಸಿಕೊಳ್ಳುತ್ತಾರೆ, ಇನ್ನೂರು ಸರ್‌ಗಳೂ ಒರೆಸಿಕೊಳ್ಳುತ್ತಾರೆ. ಇಂಥ ಹೊತ್ತಲ್ಲಿ ಯಾವನೋ ಒಬ್ಬ ಕಿಲಾಡಿ ಕನ್ನಡಿಯ ಹಿಂದಿನಿಂದ "ಸರ್, ನಾನಿಲ್ಲಿ" ಎಂದರೆ ಎಲ್ಲ ಸರ್‌ಗಳೂ ಒಟ್ಟಿಗೇ ತಪ್ಪು ದಿಕ್ಕಿಗೆ ತಿರುಗುತ್ತಾರೆ.

ಅಲ್ಲಿಂದ ನಾಲ್ಕು ಹೆಜ್ಜೆಗೆ ನೆರಳು ಹಿಡಿಯುವ ಗೋಡೆ. ಬೆಳಕು ಬಿದ್ದಾಗ ಅದನ್ನು ಹೀರಿಟ್ಟುಕೊಂಡು ಆಮೇಲೆ ಹಸಿರಾಗಿ ಹೊಳೆಯುವ ಬಣ್ಣ ಬಳಿದಿರುತ್ತಾರೆ. ಗೋಡೆಗೆ ತಾಗಿದಂತೆ ನಿಂತು, ಫ್ಲ್ಯಾಶ್ ಹೊಡೆಯುವವರೆಗೆ ಅಲ್ಲಾಡದೆ ಇದ್ದು, ಆಮೇಲೆ ಪಕ್ಕಕ್ಕೆ ಸರಿದರೆ ನೆರಳು ಗೋಡೆಯ ಮೇಲೆ ಉಳಿದಿರುತ್ತದೆ, ಮೆಲ್ಲಗೆ ಮಾಸುತ್ತದೆ. ಗೋಡೆಯಿಂದ ದೂರ ನಿಂತರೆ ನೆರಳಿನ ಅಂಚು ಕಲಸಿಹೋಗುತ್ತದೆ. ಮಕ್ಕಳು ನೆಗೆದು, ಕೈ ಚಾಚಿ, ಕೊಂಬು ಮಾಡಿ ತಮ್ಮ ನೆರಳು ಬಿಟ್ಟು ಬರುತ್ತವೆ. ಸರ್ ಅಲ್ಲೂ ಎಣಿಸುತ್ತಲೇ ಇರುತ್ತಾರೆ. ಫ್ಲ್ಯಾಶ್ ಹೊಡೆಯುತ್ತದೆ. ಎಲ್ಲರೂ ಸರಿದ ಮೇಲೆ ಕೊಂಬುಗಳ ನಡುವೆ, ಬೆರಳೆತ್ತಿ ನಿಂತ ಒಂದು ದಪ್ಪ ನೆರಳು ಗೋಡೆಯಲ್ಲಿ ನಿಂತಿರುತ್ತದೆ. ಮಕ್ಕಳು ಅದರ ಮುಂದೆ ಸಾಲಾಗಿ ನಿಂತು ತಲೆ ಒಡ್ಡುತ್ತವೆ. ಅಂದಿನ ದಿನ ಅವು ತಾವಾಗಿಯೇ ಸಾಲು ನಿಂತದ್ದು ಅದೊಂದೇ ಸಲ.

ಕೂದಲು ನಿಮಿರಿಸುವ ವ್ಯಾನ್ ಡಿ ಗ್ರಾಫ್ ಯಂತ್ರದ ಬಳಿ ನಿರಾಸೆಯಾಗುವುದಕ್ಕೆ ಯಂತ್ರವನ್ನು ಬೈದು ಫಲವಿಲ್ಲ. ಅದಕ್ಕೆ ಒಣ ಗಾಳಿ ಬೇಕು. 48 ಬೆವರಿದ ಮಕ್ಕಳು ಸುತ್ತ ಮುತ್ತಿಕೊಂಡು ಉಸಿರುಬಿಟ್ಟರೆ ತೇವಕ್ಕೆ ವಿದ್ಯುದಾವೇಶ ಸೋರಿಹೋಗುತ್ತದೆ. ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಕೂದಲೂ ಏಳುವುದಿಲ್ಲ. ಬೆಳಗಿನ ಮೊದಲ ತಂಡದಲ್ಲಿ, ತಲೆಗೆ ಸ್ನಾನ ಮಾಡಿ ಒಣಗಿಸಿಕೊಂಡು ಬಂದ ಮಗುವನ್ನು ಆರಿಸಿ.

ಕೊನೆಗೆ ತಾರಾಲಯ. ಮಕ್ಕಳು ಓಡಿಹೋಗಿ ಮುಂದಿನ ಸಾಲು ಹಿಡಿಯುತ್ತವೆ, ಸಿನಿಮಾ ಅಂದುಕೊಂಡು. ಎಲ್ಲ ಆಸನಗಳೂ ಒಂದೇ ಕಡೆ ಮುಖ ಮಾಡಿರುವ ಗುಮ್ಮಟದಲ್ಲಿ ಒಳ್ಳೆಯ ಜಾಗ ಹಿಂದಿನ ಸಾಲುಗಳ ನಡುಭಾಗ. ಮುಂದೆ ಕೂತವರಿಗೆ ಸಿಗುವುದು ಕತ್ತು ನೋವು. ಸ್ಟೀಲಿನ ನೀರಿನ ಬಾಟಲಿ ಕೈಯಲ್ಲಿ ಬೇಡ, ಚೀಲದೊಳಗಿರಲಿ. ಮೇಲಿನ ಸಾಲಿನಲ್ಲಿ ಜಾರಿದ ಬಾಟಲಿ ಮೆಟ್ಟಿಲು ಮೆಟ್ಟಿಲಿಗೂ ಸದ್ದು ಮಾಡುತ್ತಾ ಕೆಳಗಿನವರೆಗೂ ಉರುಳುತ್ತದೆ, ಶನಿಯ ಬಳೆಗಳ ವರ್ಣನೆ ಆ ಠಣ್ ಠಣ್‌ನಲ್ಲಿ ಮುಳುಗುತ್ತದೆ. ಹೆಜ್ಜೆಯಿಟ್ಟರೆ ಮಿನುಗುವ ಬೂಟು ಹಾಕಿದ ಮಗುವಿಗೆ ಹೆಚ್ಚುವರಿ ಕಾಲುಚೀಲವೊಂದನ್ನು ಬೂಟಿನ ಮೇಲೆಯೇ ತೊಡಿಸಿ. ಕಾಲಾಡಿಸುವ ವಯಸ್ಸು, ಕೂತಲ್ಲೇ ಒದೆಯುತ್ತದೆ, ಒದ್ದಾಗಲೆಲ್ಲ ಹೊಸ ನಕ್ಷತ್ರಪುಂಜ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದರೆ, ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಕತ್ತಲಿಗೆ ಒಗ್ಗಿಕೊಳ್ಳಲು ಸಮಯ ಬೇಡುತ್ತದೆ. ಬಣ್ಣ ಗುರುತಿಸುವ ಕೋಶಗಳು ಹತ್ತು ನಿಮಿಷದಲ್ಲಿ ಸಜ್ಜಾಗುತ್ತವೆ. ಮಸುಕು ನಕ್ಷತ್ರ ಕಾಣಿಸುವ ಕೋಶಗಳಿಗೆ ಅರ್ಧ ಗಂಟೆಯೇ ಬೇಕಾಗುತ್ತದೆ. ಒಂದು ಟಾರ್ಚ್ ಬಿದ್ದರೆ ಆ ಒಗ್ಗಿಕೆ ಹಿಂದಕ್ಕೆ ಸರಿಯುತ್ತದೆ. ಅದೂ ಒಬ್ಬರದ್ದಲ್ಲ: ಗುಮ್ಮಟಕ್ಕೆ ಬಿದ್ದ ಬೆಳಕು ಚೆದುರಿ ಎಲ್ಲರ ಕಣ್ಣಿಗೂ ಬರುತ್ತದೆ. ಗುಮ್ಮಟದ ಒಳಮೈಗೆ ಅಚ್ಚ ಬಿಳಿಯ ಬದಲು ಬೂದು ಬಳಿಯುವುದೂ ಒಂದು ಕಡೆಯ ಬೆಳಕು ಎದುರಿನ ನಕ್ಷತ್ರಗಳನ್ನು ತೊಳೆದುಹಾಕದಿರಲೆಂದು. ಇಷ್ಟು ಯೋಚಿಸಿ ಕಟ್ಟಿದ ಕತ್ತಲಿಗೆ ಸರ್ ಟಾರ್ಚ್ ಹಚ್ಚಿ, "ನಾಲ್ಕು, ಐದು... ಏಯ್, ತಲೆ ಎತ್ತು" ಎನ್ನುತ್ತಾರೆ. ಬಾಗಿಲು ಹಾಕಿಕೊಂಡಿದೆ, ಬಾಗಿಲಲ್ಲಿ ಸಿಬ್ಬಂದಿ ನಿಂತಿದ್ದಾರೆ, ಕಟ್ಟಡದಲ್ಲೇ ಮಕ್ಕಳು ಕಳೆದುಹೋಗಲಾಗದ ಏಕೈಕ ಜಾಗ ಅದು ಎಂದು ಅವರಿಗೆ ಹೇಳುವವರು ಯಾರು? ಲೆಕ್ಕ ಬೇಕಿದ್ದರೆ ಬಾಗಿಲು ಹಾಕುವ ಮುನ್ನ, ದೀಪ ಇರುವಾಗ ತಗೊಳ್ಳಿ. ಮುಗಿದ ಮೇಲೆ ದೀಪ ಬರುತ್ತದೆ, ಆಗ ಇನ್ನೊಮ್ಮೆ.

ಗುಮ್ಮಟದ ಮೇಲೆ ಆಕಾಶ ಮೂಡಿಸುವ ತಾರಾಲಯದ ಯಂತ್ರವೊಂದು ಮೊದಲು ನಕ್ಷತ್ರ ತೋರಿಸಿದ್ದು 1923ರ ಅಕ್ಟೋಬರಿನಲ್ಲಿ, ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿ. ಝೈಸ್ ಕಂಪನಿಯ ವಾಲ್ಟರ್ ಬಾವರ್ಸ್‌ಫೆಲ್ಡ್ ರೂಪಿಸಿದ ಆ ಯಂತ್ರ ಸುಮಾರು 4,500 ನಕ್ಷತ್ರಗಳನ್ನು ಮೂಡಿಸುತ್ತಿತ್ತು. ಆಗಿನ ಜನ ಹೊರಗೆ ಹೋಗಿ ನಿಜದ ಆಕಾಶದ ಜೊತೆ ಅದನ್ನು ಹೋಲಿಸಿ ನೋಡಬಹುದಿತ್ತು. 2016ರಲ್ಲಿ ಪ್ರಕಟವಾದ ಕೃತಕ ಬೆಳಕಿನ ಜಾಗತಿಕ ನಕ್ಷೆ ಹೇಳುವಂತೆ ಭೂಮಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನಕ್ಕೆ ಮನೆಯ ಮೇಲಿನ ಆಕಾಶದಲ್ಲಿ ಈಗ ಕ್ಷೀರಪಥ ಕಾಣುವುದಿಲ್ಲ. ಊರಿನ ದೀಪಗಳನ್ನು ಒಂದೊಂದಾಗಿ ಆರಿಸಿ, ಗುಮ್ಮಟದ ತುಂಬ ಪೂರ್ತಿ ಆಕಾಶ ತೆರೆದ ಗಳಿಗೆಯಲ್ಲಿ ಮಕ್ಕಳ ಬಾಯಿಂದ ಹೊರಡುವ ಆ "ಓ" ಇದೆಯಲ್ಲ, ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಅದೆಷ್ಟೋ ಮಕ್ಕಳಿಗೆ ಅದು ಮೊದಲ ಕ್ಷೀರಪಥ. ಕೆಲವರಿಗೆ ಕೊನೆಯದೂ ಇರಬಹುದು. ಆ ಹೊತ್ತಿನಲ್ಲಿ ಸರ್ ಕೂಡ ತಲೆಯೆತ್ತಿ ನೋಡುತ್ತಿರುತ್ತಾರೆ, ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ಜೇಬು ತಡಕುತ್ತಾರೆ.

ಸಂಜೆ ಬಸ್ಸಿನ ಬಾಗಿಲಲ್ಲಿ ಕೊನೆಯ ಎಣಿಕೆ. ಶಿಬಿರಗಳವರು ದೂರದಿಂದ ಎದ್ದು ಕಾಣಲೆಂದು ಮಕ್ಕಳಿಗೆ ಹಳದಿ ಟೋಪಿ ಕೊಟ್ಟಿರುತ್ತಾರೆ, ಆದರೆ ಎಲ್ಲ ಶಿಬಿರದವರಿಗೂ ಹೊಳೆದ ಬಣ್ಣ ಅದೇ. ಟೋಪಿ ಆರಿಸುವಾಗ ಹಳದಿ ಬಿಟ್ಟು ಬೇರೆ ಏನಾದರೂ ನೋಡಿ. ಲೆಕ್ಕ ಕಡಿಮೆ ಬಂದರೆ ಊರೆಲ್ಲ ಹುಡುಕುತ್ತಾರೆ. ಹೆಚ್ಚು ಬಂದರೆ ತಾವೇ ಎಲ್ಲೋ ಎರಡು ಸಲ ಎಣಿಸಿರಬೇಕೆಂದು ಸಮಾಧಾನಪಟ್ಟುಕೊಂಡು ಬಾಗಿಲು ಹಾಕಿಸುತ್ತಾರೆ. ಸರ್ ಲೆಕ್ಕ ನಲವತ್ತೊಂಬತ್ತಕ್ಕೆ ಬಂದು ನಿಲ್ಲುತ್ತದೆ. "ಎಲ್ಲಾ ಇದ್ದಾರೆ, ಹೊರಡಿ ಹೊರಡಿ" ಎನ್ನುತ್ತಾರೆ. ಪಕ್ಕದ ಬಸ್ಸಿನ ಮೇಡಂ ಅಷ್ಟು ಹೊತ್ತಿಗೆ ಮೂರನೇ ಸಲ ಒಂದರಿಂದ ಶುರುಮಾಡಿರುತ್ತಾರೆ.