ಮನಿಮನಿಗೆ ಪಾರ್ಸಲ್ ಮುಟ್ಟಿಸೋ ನಮಗ ಕಂಪನಿ ಇಟ್ಟ ಹೆಸರು ಪಾರ್ಟ್ನರ್ ಅಂತ, ಪಾರ್ಟ್ನರ್!

ಗಾಡಿ ನಂದು, ಪೆಟ್ರೋಲ್ ನಂದು, ಮೊಬೈಲ್ ನಂದು, ಬೆನ್ನೂ ನಂದು. ರೇಟ್ ಮಾತ್ರ ಕಂಪನಿದು. ಪಾರ್ಸಲ್ಲಿಗೆ 14 ರೂಪಾಯಿ, ಅದೂ ಗಿರಾಕಿ ಕೈಗೆ ಮುಟ್ಟಿದ್ರ. ಮನಿ ಬಾಗಿಲ್ತನ ಹೋಗಿ ಹೊಳ್ಳಿ ಬಂದ್ರ ಸೊನ್ನಿ.

ನಿನ್ನಿ ಆ್ಯಪ್ ನನ್ನ ಎರಡೂವರಿಗೆ ಸದಾಶಿವ ಪೇಠಕ್ಕ ಕಳಿಸ್ತು. ಪುಣೆದಾಗ ಇರೋರಿಗೆ ಗೊತ್ತೈತಿ, ಮಧ್ಯಾಹ್ನ ಒಂದರಿಂದ ನಾಕರ ತನಕ ಪೇಠದಾಗ ಇರುವಿನೂ ಮಲಗಿರ್ತಾವ. ಬಾಗಿಲ ಮ್ಯಾಲ ಮರಾಠಿ ಪಾಟಿ ಬ್ಯಾರೆ: 'ಬೆಲ್ ಒಮ್ಮೆ ಒತ್ತಿರಿ, ಒಳಗಿರೋರು ಕಿವುಡರಲ್ಲ.' ಒಮ್ಮೆ ಒತ್ತಿ ನಿಂತೆ. ಬನಿಯನ್ ಮ್ಯಾಲ ಅಜ್ಜಾರು ಬಂದ್ರು. ಓಟಿಪಿ ಮಗನ ಫೋನಿಗೆ ಹೋಗಿತ್ತು, ಮಗ ಹಿಂಜವಡಿ ಆಫೀಸಿನಾಗ ಮೀಟಿಂಗ್‌ನಾಗ. ಅಜ್ಜಾರ ಮ್ಯಾಲ ಸಿಟ್ಟಿಲ್ಲ, ಕುಡಿಯಾಕ ನೀರು ಕೊಟ್ರು. ಇಪ್ಪತ್ತು ನಿಮಿಷಕ್ಕ ಓಟಿಪಿ ಬಂತು, ಕೆಳಗಿಳಿದ್ರ ಗಾಡಿ ಇಲ್ಲ, ಟ್ರಾಫಿಕ್ ಪೊಲೀಸರು ಎತ್ಕೊಂಡು ಹೋಗಿದ್ರು.

ಒಂದು ದಿನ ರಸ್ತೆದ ಈ ಕಡೆ, ಮರುದಿನ ಆ ಕಡೆ ಹಚ್ಚಬೇಕು ಇಲ್ಲೆ. ತಾರೀಖು ನೋಡಲಿಲ್ಲ, ತಪ್ಪು ನಂದ. ಆದ್ರ ಹಿಂದ ಕಟ್ಟಿದ್ದ ಚೀಲದಾಗ ಇನ್ನೂ 11 ಪಾರ್ಸಲ್! ಒಂದು ಕಳದ್ರೂ ನನ್ನ ರೊಕ್ಕದಾಗ ಕಡಿತಾರ. ರಿಕ್ಷಾ ಹಿಡಿದು ಓಡಿದೆ. ಚೀಲ ಸಿಕ್ತು. ದಂಡ ಕಟ್ಟಿ ಗಾಡಿ ಬಿಡಿಸ್ಕೊಳ್ಳೋದ್ರಾಗ ಆರು ಗಂಟಿ. ನಾಕು ಪಾರ್ಸಲ್ ಹೆಂಗೋ ಮುಟ್ಟಿಸಿದೆ, ಏಳು ಉಳದ್ವು.

ಪಾರ್ಸಲ್ ಹಂಚಿಕೊಡೋ ಹಬ್‌ನ ಸೂಪರ್‌ವೈಸರ್ ಏನಂದ ಗೊತ್ತೇನು? "ಅಣ್ಣಾ, ಸ್ವಂತ ಧಂದಾ ನಿಂದು. ದಂಡ ಕಂಪನಿ ಯಾಕ ಕೊಡತೈತಿ?" ಹೌದಪಾ. ಹೋದ ವಾರ ಮಗಳಿಗೆ ಜ್ವರ ಅಂತ ಒಂದು ದಿನ ಬರಲಿಲ್ಲ, ಎರಡು ದಿನ ಆ್ಯಪ್‌ನಾಗ ನನ್ನ ಐಡಿ ಬಂದ್ ಮಾಡಿದ್ರಿ. ಧಂದಾ ನಂದಾದ್ರ ನನ್ನ ಅಂಗಡಿಗೆ ಕೀಲಿ ಹಾಕಾಕ ನೀವ್ಯಾರು?

ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆದಾಗ ನಮಗ 'ಗಿಗ್ ಕಾರ್ಮಿಕ' ಅಂತ ಹೆಸರಿಟ್ರು, ಅಂದ್ರ ಕಾಯಂ ನೌಕರಿ ಇಲ್ದ ಕೆಲಸಕ್ಕಿಷ್ಟು ಅಂತ ದುಡಿಯೋರು. ಅದು ಜಾರಿಗೆ ಬರಾಕ 2025ರ ನವೆಂಬರ್ ಆತು. ಕರ್ನಾಟಕದವರು ಅದೇ ವರ್ಷ ಗಿಗ್ ಕಾರ್ಮಿಕರಿಗಂತ ತಮ್ಮದೊಂದು ಕಾಯ್ದೆ ಮಾಡ್ಯಾರ. ವಿಜಯಪುರದಿಂದ ತಮ್ಮ ಅದನ್ನ ಫೋನಿನಾಗ ಓದಿ ಹೇಳ್ತಾನ, "ಅಣ್ಣಾ, ಊರಿಗೆ ಬಂದ್ಬಿಡು" ಅಂತಾನ. ಗಾಡಿ ಕಂತು ಅವನ ತುಂಬ್ತಾನೇನು?

ರಾತ್ರಿ ಮೆಸೇಜ್ ಬಂತು: 'ಪ್ರಿಯ ಪಾರ್ಟ್ನರ್, ನಿಮ್ಮ ರೇಟಿಂಗ್ ಇಳಿದಿದೆ.' ಇವತ್ತು ಆ ಏಳೂ ಮತ್ತ ನನ್ನ ಚೀಲದಾಗ ಅದಾವ. ಎರಡು ಸದಾಶಿವ ಪೇಠದ್ದು, ಟೈಮು ಮಧ್ಯಾಹ್ನ ಎರಡು.