ಆ ಆಕಾಶವನ್ನು ಬಿಳಿಯಾಗೇ ಬಿಡಿ

ನಿನ್ನೆ ರಾತ್ರಿ ಯಾರೋ ಹಂಚಿದ ಒಂದು ಫೋಟೊ ನೋಡಿ ಸಿಟ್ಟು ಬಂತು, ಇನ್ನೂ ಇಳಿದಿಲ್ಲ. ಕ್ರಿಮಿಯಾ ಯುದ್ಧ, 1855; ರಷ್ಯಾ ವಿರುದ್ಧ ಬ್ರಿಟನ್, ಫ್ರಾನ್ಸ್ ಮತ್ತು ಅವುಗಳ ಮಿತ್ರರು ಹೋರಾಡಿದ ಯುದ್ಧ. ಬ್ರಿಟಿಷ್ ಛಾಯಾಗ್ರಾಹಕ ರೋಜರ್ ಫೆಂಟನ್ ತೆಗೆದ ಬ್ರಿಟಿಷ್ ಸೇನೆಯ ಬಿಡಾರ. ಅದಕ್ಕೆ ಬಣ್ಣ ಬಳಿದಿದ್ದಾರೆ. ಹುಲ್ಲು ಹಸಿರು, ಆಕಾಶ ನೀಲಿ, ಸಾಲದ್ದಕ್ಕೆ ಮೋಡ ಬೇರೆ. ಕೆಳಗೆ ಕಾಮೆಂಟು: "ಪಿಕ್ನಿಕ್ ತರ ಇದೆ!"

ಮೂಲದಲ್ಲಿ ಮೋಡ ಇಲ್ಲ. ಆಕಾಶ ಬರೀ ಬಿಳಿ. ನಾನು ಡಾರ್ಕ್‌ರೂಮಿನಲ್ಲಿ ಕಳೆದ ವರ್ಷಗಳು ನಿಮಗೆ ಗೊತ್ತಲ್ವಾ, ಅದಕ್ಕೇ ನನಗೆ ಜಾಸ್ತಿ ಚುಚ್ಚುತ್ತದೆ. ಆಗಿನ ಕೊಲೋಡಿಯನ್ ಪ್ಲೇಟಿಗೆ, ಅಂದರೆ ಕೊಲೋಡಿಯನ್ ಅನ್ನೋ ಅಂಟು ದ್ರಾವಣ ಬಳಿದ ಗಾಜಿಗೆ, ನೀಲಿ ಬೆಳಕು ಬೇಗ ತಾಗುತ್ತಿತ್ತು. ನೆಲ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶದ ವಿವರವೆಲ್ಲ ಅಳಿಸಿಹೋಗುತ್ತಿತ್ತು. ಗಾಜಿಗೆ ಬಳಿದ ದ್ರಾವಣ ಆರುವ ಮೊದಲೇ ಫೋಟೊ ತೆಗೆದು, ತೊಳೆದು ಮುಗಿಸಬೇಕು. ಫೆಂಟನ್ ಆ ಬಳಿಯುವ, ತೊಳೆಯುವ ಕೆಲಸ ಮಾಡಿದ್ದು ವೈನ್ ವ್ಯಾಪಾರಿಯೊಬ್ಬನ ಹಳೇ ಗಾಡಿಯೊಳಗೆ, ಉಸಿರುಗಟ್ಟುವ ಸೆಕೆಯಲ್ಲಿ. ಮಾರ್ಚಿನಿಂದ ಜೂನ್ ತನಕ 350ಕ್ಕೂ ಹೆಚ್ಚು ಚಿತ್ರ. ಕೊನೆಗೆ ಕಾಲರಾ ಹಿಡಿದು ಊರಿಗೆ ಮರಳಿದ.

ಆ ಚಿತ್ರಗಳಲ್ಲಿ ಹೆಣಗಳಿಲ್ಲ. ಬ್ರಿಟಿಷರು ಮುತ್ತಿಗೆ ಹಾಕಿದ್ದ ರಷ್ಯಾದ ಬಂದರು ನಗರ ಸೆವಾಸ್ಟೊಪೋಲ್ ಮುಂದಿನ ಬಯಲಲ್ಲಿ ಗುಡಾರಗಳು ದೂರ ಹೋದಂತೆ ಅಕ್ಕಿಕಾಳಿನಷ್ಟಾಗುತ್ತವೆ. ಮೇಲೆ ಆ ಖಾಲಿ ಬಿಳಿ. 1854ರ ನವೆಂಬರ್ 14ರ ಬಿರುಗಾಳಿ ಇಲ್ಲೇ ಗುಡಾರಗಳನ್ನು ಕಿತ್ತೆಸೆದಿತ್ತು. ಚಳಿಬಟ್ಟೆ ತಂದಿದ್ದ ಹಡಗು ಬ್ರಿಟಿಷ್ ಸೇನೆಯ ಬಂದರು ಬಾಲಕ್ಲಾವಾ ಹೊರಗೆ ಮುಳುಗಿತ್ತು. ಗುಂಡಿಗಿಂತ ರೋಗಕ್ಕೆ ಸತ್ತ ಬ್ರಿಟಿಷ್ ಸಿಪಾಯಿಗಳೇ ಜಾಸ್ತಿ. ಆ ಖಾಲಿ ನೋಡಿದಾಗ ನನಗೆ ಅವರು ನೆನಪಾಗುತ್ತಾರೆ. ಅಲ್ಲಿಗೆ ಮೋಡ ತಂದು ತುಂಬೋದಾ?

"ಫೆಂಟನ್ ತಾನೇ ರಸ್ತೆಯ ಮೇಲೆ ಫಿರಂಗಿ ಗುಂಡು ಜೋಡಿಸಿದನಲ್ಲ" ಅಂತೀರಿ. ಇರಬಹುದು. ಸಾವಿನ ನೆರಳಿನ ಕಣಿವೆ ಅಂತ ಕರೆದ ಆ ಜಾಗದ ಎರಡು ಚಿತ್ರ ಇವೆ. ಒಂದರಲ್ಲಿ ರಸ್ತೆ ತುಂಬ ಗುಂಡು, ಇನ್ನೊಂದರಲ್ಲಿ ರಸ್ತೆ ಖಾಲಿ. ಎರಡೂ ಉಳಿದಿರುವುದರಿಂದಲೇ ಇವತ್ತು ಅವನನ್ನು ಪ್ರಶ್ನಿಸಲು ಆಗುತ್ತಿದೆ. ನಿನ್ನೆಯ ಪೋಸ್ಟಿನಲ್ಲಿ ಮೂಲ ಚಿತ್ರವೇ ಇಲ್ಲ. ಬಣ್ಣ ಹಾಕಿದ್ದು ಅನ್ನೋ ಒಂದು ಸಾಲೂ ಇಲ್ಲ.

ಇದನ್ನು ಇಲ್ಲಿತನಕ ಯಾರಿಗೂ ಹೇಳಿರಲಿಲ್ಲ. ಅಜ್ಜನ ಒಂದೇ ಒಂದು ಫೋಟೊ ಇತ್ತು. ಸರಿಮಾಡಿಸೋಣ ಅಂತ ನಾನೇ ಒಂದು ಸ್ಟುಡಿಯೋಗೆ ಕೊಟ್ಟೆ. ಅಜ್ಜನಿಗೆ ಕೋಟು ತೊಡಿಸಿ, ಹಿಂದಿನ ಬಿರುಕು ಗೋಡೆ ಅಳಿಸಿ, ನೀಲಿ ಪರದೆ ಕೂರಿಸಿ ಕೊಟ್ಟರು. ಮೂಲ ವಾಪಸ್ ಸಿಗಲಿಲ್ಲ. ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, "ನಮ್ಮ ಮನೆ ಎಲ್ಲಿ ಹೋಯ್ತು ಮಗಾ?" ಅಂದರು.

ಹಂಚಿದ ಗೆಳೆಯರೇ, ಫೆಂಟನ್ನನ ಮೂಲ ಚಿತ್ರಗಳು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿವೆ. ದಯವಿಟ್ಟು ಇವತ್ತೇ ಹುಡುಕಿ ಪಕ್ಕದಲ್ಲಿ ಹಾಕಿ.