ಕೇಬಲ್ ಹೋಯಿತು, ಆಲೆಮನೆ ಬಂತು

ಕೇಬಲ್ ತೆಗೆಸಿದ ಮನೆಯಲ್ಲಿ ಮೊದಲು ಏರುಪೇರಾಗುವುದು ಹೊತ್ತು. ಗೋಡೆ ಗಡಿಯಾರ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಆದರೆ ಅದನ್ನು ನೋಡಿ ಕೆಲಸ ಮಾಡುತ್ತಿದ್ದವರು ಯಾರು? ಏಳರ ಧಾರಾವಾಹಿಗೆ ಮುಂಚೆ ಕುಕ್ಕರ್, ಮೊದಲ ಜಾಹೀರಾತಿಗೆ ಸಾರಿಗೆ ಒಗ್ಗರಣೆ, ವಾರ್ತೆಗೆ ಊಟ. ಜಾಹೀರಾತನ್ನು ಎಲ್ಲರೂ ಬೈಯುತ್ತಾರೆ. ಒಲೆ ಮೇಲೆ ಹಾಲಿಟ್ಟು ಟೀವಿ ಮುಂದೆ ಕೂತವರನ್ನು ಕೇಳಿ, ಅದರ ಬೆಲೆ ಗೊತ್ತಾಗುತ್ತದೆ.

ಮೈಸೂರಿನ ಸರಸ್ವತೀಪುರದ ನಮ್ಮ ಮನೆಗೆ ಕೇಬಲ್ ಬರುತ್ತಿದ್ದ ದಾರಿಯೇ ಒಂದು ಸಾಹಸ. ಕರೆಂಟ್ ಕಂಬದಿಂದ ಪಕ್ಕದ ಮನೆಯ ತೆಂಗಿನ ಮರಕ್ಕೆ, ಅಲ್ಲಿಂದ ನಮ್ಮ ಟೆರೇಸಿನ ಪೈಪಿಗೆ, ಆಮೇಲೆ ಕಿಟಕಿಯ ಮೂಲೆ ಕೊರೆದು ಒಳಗೆ. ತೆಂಗಿನ ಗರಿ ಬಿದ್ದರೆ ಚಿತ್ರ ಹೋಯಿತು. 2013ರಲ್ಲಿ ಮೈಸೂರಿಗೂ ಸೆಟ್ ಟಾಪ್ ಬಾಕ್ಸ್ ಬಂತು. 2019ರಲ್ಲಿ ಬೇಕಾದ ಚಾನೆಲ್ ನೀವೇ ಆರಿಸಿಕೊಳ್ಳಿ ಎಂಬ ನಿಯಮ ಬಂತು: ಮೊದಲ 100 ಚಾನೆಲ್‌ಗೆ 130 ರೂಪಾಯಿ, ಮೇಲೆ ತೆರಿಗೆ, ಕಾಸಿನ ಚಾನೆಲ್‌ಗಳ ಲೆಕ್ಕ ಬೇರೆ. ಆವತ್ತು ಪಟ್ಟಿ ಹಿಡಿದು ಕೂತಾಗ ಗೊತ್ತಾಯಿತು, ನಮಗೆ ನಿಜವಾಗಿ ಬೇಕಾಗಿದ್ದ ಚಾನೆಲ್‌ಗಳನ್ನು ಎಣಿಸೋಕೆ ಒಂದು ಕೈ ಬೆರಳು ಸಾಕು ಅಂತ. ಆದರೂ ತೆಗೆಸಲಿಲ್ಲ. ಇದ್ದರೆ ಇರಲಿ ಅನ್ನುವುದು ಮೈಸೂರಿನವರ ದೊಡ್ಡ ಸಿದ್ಧಾಂತ.

ತೆಗೆಸಿದ್ದು ಅಕ್ಕನ ಮಗ. ಎಂಜಿನಿಯರಿಂಗ್ ಓದಲು ನಮ್ಮ ಮನೆಯಲ್ಲಿರುವವನು. ಇಸ್ಪೀಟು ಕಟ್ಟಿನಷ್ಟು ಪುಟ್ಟ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರನ್ನು ಟೀವಿ ಹಿಂದೆ ಸಿಕ್ಕಿಸಿ, ಅದರಲ್ಲಿ ಕೋಡಿ ಅನ್ನುವ ತಂತ್ರಾಂಶ ಹಾಕಿದ. ಮೂಲೆಯಲ್ಲಿ ಬಿದ್ದಿದ್ದ ಹಳೇ ಕಂಪ್ಯೂಟರಿಗೆ ಜೆಲ್ಲಿಫಿನ್ ಹಾಕಿ, ಅಂದರೆ ಒಂದು ಕಡೆ ಕೂಡಿಟ್ಟ ವಿಡಿಯೊಗಳನ್ನು ಮನೆಯ ಟೀವಿಗೆ ಕಳಿಸುವ ತಂತ್ರಾಂಶ, ಮನೆಯ ವಿಡಿಯೊಗಳನ್ನೆಲ್ಲ ಅದರಲ್ಲಿ ತುಂಬಿದ. ಎರಡಕ್ಕೂ ದುಡ್ಡಿಲ್ಲ. ಕೋಡಿ ತನ್ನದು ಅಂತ ಒಂದು ಕಾರ್ಯಕ್ರಮವನ್ನೂ ಕೊಡುವುದಿಲ್ಲ, ನಾವು ಹಾಕಿದ್ದನ್ನು ತೋರಿಸುತ್ತದೆ ಅಷ್ಟೆ. ಅಮ್ಮನಿಗೆ ಇದು ಅರ್ಥವಾಗಲಿಲ್ಲ. "ಅಲ್ವೋ, ಇದನ್ನು ಮಾಡಿದವರಿಗೆ ಏನು ಲಾಭ?" ಎಂದು ಕೇಳಿದಳು.

ಅವನು ವಿಎಲ್‌ಸಿಯ ಕಥೆ ಹೇಳಿದ. ಕಿತ್ತಳೆ ಬಣ್ಣದ ಕೋನ್ ಇರುವ ಪ್ಲೇಯರ್, ಎಲ್ಲರ ಕಂಪ್ಯೂಟರಿನಲ್ಲೂ ಇರುತ್ತಲ್ಲ, ಅದು. 1996ರ ಹೊತ್ತಿಗೆ ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಹಾಸ್ಟೆಲ್ ನೆಟ್‌ವರ್ಕ್ ನಿಧಾನ ಎಂಬ ಸಂಕಟ. ಅವರಿಗೆ ಬೇಕಾಗಿದ್ದದ್ದು ಗೇಮ್ ಆಡಲು ವೇಗದ ನೆಟ್‌ವರ್ಕ್. ಹಾಗಂತ ಕೇಳಿದರೆ ಯಾರು ಕೊಡುತ್ತಾರೆ? ಒಂದೇ ಡಿಶ್‌ನಲ್ಲಿ ಬರುವ ಟೀವಿಯನ್ನು ನೆಟ್‌ವರ್ಕ್ ಮೂಲಕ ಇಡೀ ಹಾಸ್ಟೆಲಿಗೆ ಹಂಚುತ್ತೇವೆ ಅಂತ ಯೋಜನೆ ಹೂಡಿದರು. ಅದಕ್ಕಾಗಿ ಬರೆದದ್ದೇ ಈ ಪ್ಲೇಯರ್. 2001ರಲ್ಲಿ ಅದರ ಕೋಡನ್ನು ಯಾರು ಬೇಕಾದರೂ ಬಳಸಿ, ತಿದ್ದಿ ಅಂತ ಬಿಟ್ಟುಕೊಟ್ಟರು. ಕೋನ್ ಬಂದದ್ದು ಆ ಹುಡುಗರು ರಸ್ತೆಯಿಂದ ಎತ್ತಿಕೊಂಡು ಬಂದು ಕೂಡಿಹಾಕುತ್ತಿದ್ದ ಕೋನ್‌ಗಳಿಂದ. ಹಾಸ್ಟೆಲ್ ಹುಡುಗರು ಎಲ್ಲಿದ್ದರೂ ಒಂದೇ.

ನಾನು ಮಧ್ಯೆ ಬಾಯಿ ಹಾಕಿದೆ. ಪ್ಯಾರಿಸ್ಸಿಗೆ ಯಾಕೆ ಹೋಗಬೇಕು, ಇದೇ ಮೈಸೂರಿನ ಒಂಟಿಕೊಪ್ಪಲಿಗೆ ಹೋದರೆ ಸಾಲದೇ? ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದ್ದು ಅಲ್ಲಿ. ಟ್ರಾನ್ಸ್‌ಮಿಟರ್ 30 ವಾಟಿನದು. ನಮ್ಮ ಬಚ್ಚಲಿನ ಹಳೇ ಗುಂಡು ಬಲ್ಬೇ ಅದಕ್ಕಿಂತ ಜಾಸ್ತಿ ವಾಟಿನದಾಗಿತ್ತು. ಪಾಠ ಹೇಳುವ ಮೇಷ್ಟ್ರಿಗೆ ರೇಡಿಯೊ ಯಾಕೆ ಅಂತ ಆಗಲೂ ಯಾರಾದರೂ ಅಂದಿರುತ್ತಾರೆ. ಆಮೇಲೆ ಮೈಸೂರು ಸರ್ಕಾರವೇ ಅದನ್ನು ವಹಿಸಿಕೊಂಡಿತು, ಆ ಮಾತು ಬೇರೆ. ಬೇಕು ಅನ್ನಿಸಿತು, ಮಾಡಿದರು. ಲಾಭ ಏನು ಎಂಬ ಪ್ರಶ್ನೆಗೆ ನನಗಂತೂ ಇಷ್ಟೇ ಉತ್ತರ ಗೊತ್ತು. ಅಮ್ಮ ಒಪ್ಪಲಿಲ್ಲ.

ಒಪ್ಪಿಸಿದ್ದು ಭಾವ. ಪಾಂಡವಪುರದ ಕಡೆಯ ಕಬ್ಬಿನ ಗದ್ದೆಯವರು. ಮಗ ಹೇಳಿದನೆಂದು ಮೊಬೈಲನ್ನು ಒಂದು ಗೂಟಕ್ಕೆ ಕಟ್ಟಿ, ಆಲೆಮನೆಯನ್ನು ಮುಕ್ಕಾಲು ಗಂಟೆ ಹಾಗೇ ಹಿಡಿದು ಕಳಿಸಿದರು. ಅದನ್ನು ಟೀವಿಗೆ ಹಾಕಿದೆವು. ಟೀವಿಯವರು ಇದೇ ಆಲೆಮನೆಗೆ ಬಂದಿದ್ದರೆ ಎರಡು ನಿಮಿಷ: ಕೊಳಲು ನಾದ, ಹಬೆ, ಬೆಲ್ಲ, ಮುಗೀತು. ಭಾವನ ವಿಡಿಯೊದಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಸುಮ್ನೆ ಕಾಯುತ್ತಿರುತ್ತದೆ. ಒಬ್ಬರು ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿರುತ್ತಾರೆ. ಇನ್ನೊಬ್ಬರು ಬೆಂಡೆ ಗಿಡ ಜಜ್ಜಿದ ಲೋಳೆ ನೀರು ಹುಯ್ಯುತ್ತಾರೆ. ಮಡ್ಡಿಯೆಲ್ಲ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆಯುತ್ತಾರೆ. ಮತ್ತೆ ಕಾಯುತ್ತದೆ. ನಾಯಿಯೊಂದು ಬಂದು ಕ್ಯಾಮೆರಾ ಮೂಸಿ ಹೋಗುತ್ತದೆ. ಆಮೇಲೆ ದೊಡ್ಡ ದೊಡ್ಡ ಗುಳ್ಳೆ ಏಳುತ್ತವೆ, ಬಣ್ಣ ತಿರುಗುತ್ತದೆ. ಭಾವ ಒಂಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ಕಟ್ಟಿದರೆ ಸರಿ, ಇಲ್ಲದಿದ್ದರೆ ಮತ್ತೆ ಒಲೆಗೆ ಸಿಪ್ಪೆ.

ಧಾರಾವಾಹಿ ನೋಡುವಾಗಲೂ ಬೀನ್ಸ್ ಬಿಡಿಸುತ್ತಿದ್ದ ಅಮ್ಮ ಇದಕ್ಕೆ ಮಾತ್ರ ಕೈ ಕಟ್ಟಿ ಕೂತಳು. ಹುಡುಗ ಕೆಡೆನ್‌ಲೈವ್ ಎಂಬ ವಿಡಿಯೊ ಕತ್ತರಿಸುವ ತಂತ್ರಾಂಶದಲ್ಲಿ ಕತ್ತರಿಸಿ ಹತ್ತು ನಿಮಿಷಕ್ಕೆ ಇಳಿಸುತ್ತೇನೆ ಅಂದಾಗ ರೇಗಿದಳು. "ಕಾಯೋದನ್ನೇ ಕತ್ತರಿಸಿದರೆ ಇನ್ನೇನು ಉಳಿಯುತ್ತೋ? ಹದ ಯಾವಾಗ ಬಂತು ಅಂತ ನೋಡೋರಿಗೆ ಹೇಗೆ ಗೊತ್ತಾಗಬೇಕು?" ಈ ವಿಷಯದಲ್ಲಿ ನಾನು ಅಮ್ಮನ ಕಡೆ. ಮನೆಯಲ್ಲಿ ಮಾಡಿದ ವಿಡಿಯೊಗಳಲ್ಲಿ ನನಗೆ ಇಷ್ಟವಾಗುವುದು ಅದೇ. ಮಿಕ್ಸಿ ರಿಪೇರಿ ತೋರಿಸುವವನು ಬಿದ್ದ ಸ್ಕ್ರೂ ಹುಡುಕುವುದನ್ನೂ ತೋರಿಸುತ್ತಾನೆ. ಈಗೀಗ ಅವರೂ ಟೀವಿಯವರ ಹಾಗೆ ಕತ್ತರಿಸಿ, ಸದ್ದು ತುಂಬಿ, ಬೊಬ್ಬೆ ಹಾಕಲು ಕಲಿಯುತ್ತಿದ್ದಾರೆ, ಅದೇ ಬೇಜಾರು.

ಎಲ್ಲವೂ ಸುಸೂತ್ರ ಅಂತಲ್ಲ. ಕನ್ನಡದ ಹೆಸರುಗಳು ಮೊದಮೊದಲು ಪರದೆ ಮೇಲೆ ಬರೀ ಚೌಕ ಚೌಕವಾಗಿ ಕಾಣುತ್ತಿದ್ದವು. ಫಾಂಟ್ ಬದಲಿಸುವವರೆಗೂ ಅಮ್ಮ ಮೂರನೇ ಚೌಕ ಹಾಕು, ನಾಲ್ಕನೇ ಚೌಕ ಹಾಕು ಅನ್ನುತ್ತಿದ್ದಳು. ಇನ್ನು ಕ್ರಿಕೆಟ್ ಮ್ಯಾಚ್ ಇದ್ದರೆ ನಾನು ತೆಂಗಿನ ಮರದವರ ಮನೆಯಲ್ಲಿ ಸಿಗುತ್ತೇನೆ.

ಆಲೆಮನೆ ವಿಡಿಯೊ ಎರಡನೇ ಸಲ ನೋಡಿ ಅಮ್ಮ ತೀರ್ಪು ಕೊಟ್ಟಳು: ಪಾಕ ಒಂದು ಗಳಿಗೆ ಜಾಸ್ತಿಯಾಗಿದೆ. ಅಳಿಯನಿಗೆ ನೇರವಾಗಿ ಹೇಳುವ ಹಾಗಿಲ್ಲವಲ್ಲ, ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಸ್ಪೀಕರ್‌ಗೆ ಹಾಕಿದ್ದಳು. ಆ ಕಡೆಯಿಂದ ಭಾವನ ದನಿ ಬಂತು: "ಅತ್ತೆ, ಹಂಗಾದ್ರೆ ನೀವೇ ಒಂದು ಮಾಡಿ ಹಾಕ್ರಲ್ಲ, ನೋಡ್ತೀವಿ."

ಅಡುಗೆಮನೆ ಕಿಟಕಿಗೆ ಈಗ ಒಂದು ಮೊಬೈಲ್ ಕಟ್ಟಿದೆ. ಮೈಸೂರು ಪಾಕಂತೆ. ಒಂದು ನಿಮಿಷವನ್ನೂ ಕತ್ತರಿಸುವ ಹಾಗಿಲ್ಲ ಎಂದು ಮೊಮ್ಮಗನಿಗೆ ಆಗಲೇ ಅಪ್ಪಣೆಯಾಗಿದೆ.